ಜೂನ್, ಜುಲೈಯಲ್ಲಿ ಬೋಟು ನಿಲ್ತದೆ, ಬ್ಯಾಂಕಿನ ಕಂತು ನಿಲ್ಲೋದಿಲ್ಲ

ಮಾನ್ಯ ಸಂಪಾದಕರೇ,

ನಾನು ಅಂಕೋಲಾದಲ್ಲಿ ಝೆರಾಕ್ಸ್ ಮತ್ತೆ ಆನ್‌ಲೈನ್ ಅರ್ಜಿ ತುಂಬೋ ಅಂಗಡಿ ಇಟ್ಕೊಂಡಿದ್ದೇನೆ. ಮೊದಲೆಲ್ಲ ಜನ ಪಹಣಿ, ಆದಾಯ ಪ್ರಮಾಣಪತ್ರ, ಪ್ಯಾನ್ ಕಾರ್ಡ್ ಅಂತ ಬರ್ತಿದ್ರು, ಈಗೀಗ ಮೊಬೈಲ್ ಹಿಡ್ಕೊಂಡು ಬಂದು "ತಿಂಗ್ಳಾ ತಿಂಗ್ಳಾ ತನ್ನಷ್ಟಕ್ಕೆ ದುಡ್ಡು ಉಳಿಯೋ ಹಾಗೆ ಮಾಡ್ಕೊಡಿ" ಅನ್ನೋರು ಜಾಸ್ತಿ. ಒಂದು ಖಾತೆಯಿಂದ ಇನ್ನೊಂದು ಉಳಿತಾಯ ಖಾತೆಗೋ ಆರ್‌ಡಿಗೋ (ತಿಂಗ್ಳಾ ತಿಂಗ್ಳಾ ಕಂತು ಕಟ್ಟೋ ಠೇವಣಿ) ಪ್ರತಿ ತಿಂಗಳು ಇಂತಿಷ್ಟು ಅಂತ ಹಾಕಿಡೋದು, ಬ್ಯಾಂಕಿನವ್ರು ಸ್ಟ್ಯಾಂಡಿಂಗ್ ಇನ್‌ಸ್ಟ್ರಕ್ಷನ್ ಅಂತಾರೆ, ನಮ್ಮ ಜನ ಆಟೋ ಡೆಬಿಟ್ ಅಂತಾರೆ. ಇದು ಒಳ್ಳೇದೇ, ಅದರಲ್ಲಿ ನನಗೆ ಎರಡು ಮಾತಿಲ್ಲ, ಕೈಗೆ ಬಂದ ದುಡ್ಡು ಕೈಯಲ್ಲೇ ಇದ್ರೆ ಒಂದಲ್ಲ ಒಂದು ಖರ್ಚು ಬಂದೇ ಬರ್ತದೆ. ಆದ್ರೆ ನಮ್ಮ ಕರಾವಳಿಗೆ ಇದು ಈಗ ಇರೋ ರೂಪದಲ್ಲಿ ಸರಿ ಹೊಂದ್ತಾ ಇಲ್ಲ, ಅದನ್ನೇ ಹೇಳೋಕೆ ಈ ಪತ್ರ ಬರೀತಿದ್ದೇನೆ.

ನನ್ನ ತಮ್ಮ ಬೋಟಿಗೆ ಹೋಗ್ತಾನೆ. ಹೋದ ವರ್ಷ ಜನವರಿಯಲ್ಲಿ ಒಳ್ಳೆ ಪಾಲು ಬಂದಿತ್ತು, "ಅಣ್ಣಾ, ಮಗಳ ಹೆಸರಲ್ಲಿ ಎಂತಾದ್ರೂ ಶುರು ಮಾಡ್ವಾ" ಅಂದ. ನಾನೇ ಕೂತು ಅವನ ಮೊಬೈಲಲ್ಲಿ ಬೇರೊಂದು ಬ್ಯಾಂಕಿನ ಆನ್‌ಲೈನ್ ಆರ್‌ಡಿ ತೆರೆದು, ಪ್ರತಿ ತಿಂಗಳು 5ನೇ ತಾರೀಖಿಗೆ 2,000 ರೂಪಾಯಿ ಹೋಗೋ ಹಾಗೆ ಮ್ಯಾಂಡೇಟ್, ಅಂದ್ರೆ ಖಾತೆಯಿಂದ ದುಡ್ಡು ತೆಗೆಯೋಕೆ ಒಪ್ಪಿಗೆ, ಹಾಕಿಕೊಟ್ಟೆ. ಫೆಬ್ರವರಿಯಿಂದ ಮೇ ತನಕ ನಾಲ್ಕು ಕಂತು ಸರಿಯಾಗಿ ಹೋಯ್ತು. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ ಅಂತ ನಮ್ಮಲ್ಲಿ ಅಂಗನವಾಡಿ ಮಕ್ಕಳಿಗೂ ಗೊತ್ತು. ಖಾತೆಗೆ ಒಂದು ರೂಪಾಯಿ ಬಂದಿಲ್ಲ, ಇದ್ದದ್ದು ಶಾಲೆ ಫೀಸಿಗೆ, ಹಂಚು ಕೈಯಾಡ್ಸೋದಕ್ಕೆ ಹೋಯ್ತು. ಜೂನಲ್ಲಿ ಒಂದು ಸಲ ಕಂತು ಬೌನ್ಸ್, ಜುಲೈಯಲ್ಲಿ ಇನ್ನೊಂದು ಸಲ. ಪ್ರತಿ ಬೌನ್ಸಿಗೆ 300 ರೂಪಾಯಿ ದಂಡ, ಅದರ ಮೇಲೆ 18% ಜಿಎಸ್‌ಟಿ, ಅಲ್ಲಿಗೆ 354. ಎರಡಕ್ಕೆ 708.

ಆಗಸ್ಟಲ್ಲಿ ಮೊದಲ ಪಾಲು ಖಾತೆಗೆ ಬಿದ್ದ ದಿನವೇ ಆ 708 ಕಟ್ ಆಯ್ತು. ತಮ್ಮ ಸಂಜೆ ಅಂಗಡಿಗೆ ಬಂದ, ಮೊಬೈಲನ್ನ ಪ್ಲಾಸ್ಟಿಕ್ ಚೀಲದಿಂದ ತೆಗೆದು (ಉಪ್ಪುನೀರು ತಾಗಬಾರ್ದು ಅಂತ ಅವ್ರೆಲ್ಲ ಹಾಗೇ ಇಟ್ಕೊಳ್ತಾರೆ) ಆ ಮೆಸೇಜ್ ತೋರಿಸಿದ. ಪೂರ್ತಿ ಇಂಗ್ಲಿಷು. ಅವನು ಏಳನೇ ಕ್ಲಾಸು, ಅಂಕೆ ಮಾತ್ರ ಓದ್ತಾನೆ. "ನಾ ಉಳಸೂಕೆ ಇಟ್ಟ ದುಡ್ಡು, ಅದಕ್ಕೆ ದಂಡ ಯಾಕೆ ಅಣ್ಣಾ?" ಅಂತ ಕೇಳಿದ. ಸಾಲದ ಕಂತು ತಪ್ಪಿದ್ರೆ ದಂಡ ಅಂದ್ರೆ ಅವನಿಗೂ ಅರ್ಥ ಆಗ್ತದೆ, ಬ್ಯಾಂಕಿನ ದುಡ್ಡು ಅದು. ತನ್ನದೇ ದುಡ್ಡನ್ನ ತಾನು ಎರಡು ತಿಂಗಳು ಉಳಿಸೋಕೆ ಆಗ್ಲಿಲ್ಲ ಅಂತ ದಂಡ ಅಂದ್ರೆ ಹೇಗೆ ಅರ್ಥ ಮಾಡ್ಸೋದು, ನನಗೆ ಆವತ್ತು ಮಾತೇ ಬರ್ಲಿಲ್ಲ. ಬ್ರ್ಯಾಂಚಿಗೆ ಹೋಗಿ ಕೇಳಿದ್ವಿ, "ಸಿಸ್ಟಮ್ ತಾನಾಗೇ ಹಾಕ್ತದೆ, ನಮ್ಮ ಕೈಯಲ್ಲಿಲ್ಲ" ಅಂದ್ರು. ಬ್ಯಾಂಕಿನ ಹೆಸರು ಬರೆಯೋದಿಲ್ಲ, ಯಾಕಂದ್ರೆ ನನ್ನ ಅಂಗಡಿಗೆ ಬರೋರ ಮೆಸೇಜ್ ನೋಡಿದ್ರೆ ಇದು ಒಂದೇ ಬ್ಯಾಂಕಿನ ಕತೆ ಅಲ್ಲ.

ಇದು ಬರೀ ಬೋಟಿನವ್ರ ಕಷ್ಟವೂ ಅಲ್ಲ. ಘಟ್ಟದ ಮೇಲೆ ಶಿರಸಿ, ಸಿದ್ದಾಪುರದ ಅಡಿಕೆ ತೋಟದವ್ರನ್ನ ಕೇಳಿ, ಕೊಯ್ಲು ಮುಗಿದು ಅಡಿಕೆ ಮಾರಿದಾಗ ದುಡ್ಡು, ಮಳೆಗಾಲದಲ್ಲಿ ಕೊಳೆ ಔಷಧಿ ಹೊಡೆಯೋ ಖರ್ಚು ಮಾತ್ರ. ತಿಂಗಳ ಸಂಬಳದವ್ರಿಗೆ ಅಂತ ಮಾಡಿದ ಅಂಗಿಯನ್ನ ಎಲ್ಲರಿಗೂ ತೊಡ್ಸೋಕೆ ಹೋದ್ರೆ ಹೀಗೇ ಆಗೋದು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು. 1928ರಲ್ಲಿ ಉಡುಪಿಯಲ್ಲಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಅಂತ ಹೆಸರಾದ ಬ್ಯಾಂಕಿನವ್ರು ಪಿಗ್ಮಿ ಶುರು ಮಾಡಿದ್ದೇ ಹಾಗೆ, ದಿನಾ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಬಂದು ತಗೊಂಡು ಹೋಗ್ತಿದ್ದ. ನಮ್ಮಮ್ಮ ಮೀನು ಬುಟ್ಟಿ ಇಳಿಸಿ ಕೈ ತೊಳ್ಕೊಂಡು ಪಿಗ್ಮಿ ಕಾರ್ಡ್ ತೆಗೀತಿದ್ದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ವ್ಯಾಪಾರ ಇಲ್ಲದ ದಿನ "ಇವತ್ತು ಇಲ್ಲ ತಮ್ಮಾ, ನಾಳೆ ಬಾ" ಅಂದ್ರೆ ಆಯ್ತು, ಅವ್ರು ಮುಂದಿನ ಮನೆಗೆ ಹೋಗ್ತಿದ್ರು. ಇವತ್ತು ಇಲ್ಲ ಅಂತ ಹೇಳೋಕೆ ಒಂದು ಜಾಗ ಇತ್ತು. ಈಗಿನ ಆ್ಯಪಲ್ಲಿ ಆ ಜಾಗ ಇಲ್ಲ.

ಮಾಡೋಕೆ ಆಗೋದಿಲ್ವಾ ಅಂದ್ರೆ ಆಗ್ತದೆ. ಯುಪಿಐ ಆಟೋಪೇ ಅಂತ 2020ರಿಂದ ಇದೆಯಲ್ಲ, ಅದರಲ್ಲಿ ದುಡ್ಡು ಹೋಗೋ 24 ಗಂಟೆ ಮೊದಲೇ ತಿಳಿಸ್ಬೇಕು ಅಂತ ನಿಯಮ ಇದೆ, ನಡುವೆ ಸ್ವಲ್ಪ ದಿನ ತಡೆದು ಇಡೋಕೂ ಬರ್ತದೆ. ಸಿನಿಮಾ ನೋಡೋ ಆ್ಯಪಿಗೆ ತಿಂಗಳ ದುಡ್ಡು ಕಟ್ಟೋರಿಗೆ ಇಷ್ಟು ಅನುಕೂಲ ಮಾಡ್ಬಹುದು ಅಂದ್ರೆ ಮಗಳಿಗೆ ಉಳಿಸೋನಿಗೆ ಎರಡು ತಿಂಗಳ ರಜೆ ಕೊಡೋಕೆ ಏನು ತೊಂದ್ರೆ? ಪೋಸ್ಟಾಫೀಸಿನ ಆರ್‌ಡಿ ನೋಡಿ, ಕಂತು ತಪ್ಪಿದ್ರೆ ತಿಂಗಳಿಗೆ 100 ರೂಪಾಯಿಗೆ 1 ರೂಪಾಯಿ ದಂಡ, ಅಂದ್ರೆ 2,000ಕ್ಕೆ 20. 20 ಎಲ್ಲಿ, 354 ಎಲ್ಲಿ. ಅಲ್ಲಿ ಕಂತನ್ನ ಮುಂಗಡವೂ ಕಟ್ಬಹುದು, ಒಟ್ಟಿಗೆ 6 ಕಂತು ಕಟ್ಟಿದ್ರೆ 100 ರೂಪಾಯಿ ಕಂತಿಗೆ 10 ರೂಪಾಯಿ, 12 ಕಂತಿಗೆ 40 ರೂಪಾಯಿ ರಿಯಾಯಿತಿ ಬೇರೆ.

ಹಾಗಂತ ನಮ್ಮ ಜನ ನೋಡ್ಕೋಬೇಕಾದ್ದೂ ಇದೆ, ಪತ್ರಿಕೆ ಓದೋರಿಗೆ ಉಪಯೋಗ ಆಗ್ಲಿ ಅಂತ ಬರೀತೇನೆ. ತಾರೀಖು ಹಾಕುವಾಗ ದುಡ್ಡು ಬರೋ ದಿನಕ್ಕಿಂತ ನಾಲ್ಕೈದು ದಿನ ಆಚೆ ಇಡಿ, ಭಾನುವಾರ ಬಂದ್ರೆ ಸೋಮವಾರ ಹೋಗ್ತದೆ ಅನ್ನೋ ಲೆಕ್ಕ ಈಗ ಇಲ್ಲ, 2021ರ ಆಗಸ್ಟ್ 1ರಿಂದ ಒಂದು ಬ್ಯಾಂಕಿಂದ ಇನ್ನೊಂದಕ್ಕೆ ಕಂತು ಕಳ್ಸೋ ಈ ನ್ಯಾಚ್ ವ್ಯವಸ್ಥೆ ವಾರದ ಏಳೂ ದಿನ ನಡೀತದೆ. ಎಷ್ಟು ಕಂತು ಅಂತ ಕೇಳೋ ಕಾಲಮ್ ಇರ್ತದಲ್ಲ, ಅಲ್ಲಿ ತುಂಬ ಜನ 12 ಅಂತ ಹಾಕ್ತಾರೆ, ವರ್ಷ ಆದಮೇಲೆ ಅದು ಸುಮ್ಮನೆ ನಿಂತುಹೋಗಿರ್ತದೆ, ಇವ್ರು ದುಡ್ಡು ಬೆಳೀತಾ ಇದೆ ಅಂತಲೇ ತಿಳ್ಕೊಂಡಿರ್ತಾರೆ. ನನ್ನಂಥ ಅಂಗಡಿಯವನ ಹತ್ರ ಮಾಡಿಸಿದ್ರೂ ಪಿನ್, ಓಟಿಪಿ ನೀವೇ ಒತ್ತಿ, ನಮಗೂ ಹೇಳ್ಬೇಡಿ. ಆಮೇಲೆ ಇನ್ನೊಂದು, ಬ್ಯಾಂಕಲ್ಲಿಟ್ಟ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಲ್ಲಿ 5 ಲಕ್ಷದ ತನಕ ವಿಮೆ ಇದೆ, 2020ರ ಫೆಬ್ರವರಿಗೆ ಮೊದಲು ಅದು 1 ಲಕ್ಷ ಇತ್ತು, ಸಹಕಾರಿ ಬ್ಯಾಂಕಿಗೂ ಇದೆ, ಆದ್ರೆ ಸಹಕಾರಿ ಸೊಸೈಟಿಗಳಿಗೆ ಈ ವಿಮೆ ಇಲ್ಲ. ನಮ್ಮ ಜಿಲ್ಲೆಯಲ್ಲಿ ಊರಿಗೊಂದು ಸೊಸೈಟಿ ಇರೋದ್ರಿಂದ ಈ ವ್ಯತ್ಯಾಸ ಗೊತ್ತಿರ್ಲಿ.

ತಮ್ಮ ಆ ಆರ್‌ಡಿ ಮುರಿಸಿಬಿಟ್ಟ. ಸೆಪ್ಟೆಂಬರಲ್ಲಿ ಪೋಸ್ಟಾಫೀಸಲ್ಲಿ ಹೊಸದು ಮಾಡಿದ್ದೇವೆ, ಮೇ ಕೊನೆಗೆ ಬೋಟು ದಡಕ್ಕೆ ಹತ್ತಿಸೋ ಮೊದಲೇ ಜೂನ್, ಜುಲೈ ಎರಡೂ ಕಂತು ಕಟ್ಟಿಬಿಡೋದು ಅಂತ ಮಾತಾಗಿದೆ. ಅವನಿಗೆ ಹೇಳೋಕೆ ನಾನಿದ್ದೆ, ಬೇಲೆಕೇರಿಯಲ್ಲಿ, ತದಡಿಯಲ್ಲಿ, ಕಾರವಾರದ ಬೈತಖೋಲದಲ್ಲಿ ದಂಡ ಕಟ್ಟಿ ಸುಮ್ಮನೆ ಕೂತೋರಿಗೆ ಯಾರು ಹೇಳ್ತಾರೆ?

ಅದಕ್ಕೇ ಕಾರವಾರದಿಂದ ಭಟ್ಕಳದ ತನಕ ಇರೋ ಎಲ್ಲ ಬ್ಯಾಂಕ್ ಮ್ಯಾನೇಜರುಗಳ ಹತ್ರ ನನ್ನ ಕೋರಿಕೆ, ಮ್ಯಾಂಡೇಟ್ ಫಾರಂ ತುಂಬಿಸುವಾಗ "ನಿಮಗೆ ಯಾವ ತಿಂಗಳು ದುಡಿಮೆ ಇರೋದಿಲ್ಲ" ಅಂತ ಒಂದು ಮಾತು ಕೇಳಿ, ಆ ತಿಂಗಳು ಕಂತು ತಡೆಯೋ ವ್ಯವಸ್ಥೆ ಮಾಡಿಸಿ ಅಂತ ನಿಮ್ಮ ಹೆಡ್ ಆಫೀಸಿಗೆ ಬರೀರಿ, ಉಳಿತಾಯದ ಕಂತಿಗೆ ಬೌನ್ಸ್ ದಂಡ ಬೇಡ ಅಂತಲೂ ಬರೀರಿ, ಮೆಸೇಜನ್ನ ಕನ್ನಡದಲ್ಲಿ ಕಳ್ಸಿ. ಮುಂದಿನ ಜೂನ್ 1ರ ಒಳಗೆ ಆದ್ರೆ ಈ ಮಳೆಗಾಲಕ್ಕೇ ಉಪಯೋಗ ಆಗ್ತದೆ.

ಇಂತಿ,
ಒಬ್ಬ ಓದುಗ, ಅಂಕೋಲಾ