ಪೇಟಿ ಬೇಡ ಅಂದ ರೇಡಿಯೋ

ನಮ್ಮ ಸಂಘದ ಈ ಸಲದ ರಾಜ್ಯೋತ್ಸವದಲ್ಲಿ ಹಾಡುವವರೆಲ್ಲ ಹಾಡಿನ ಸಾಹಿತ್ಯವನ್ನು ಮೊದಲೇ ಸಮಿತಿಗೆ ಕೊಟ್ಟು ಒಪ್ಪಿಗೆ ಪಡೆಯಬೇಕು ಅಂತ ಕೆಲವು ಸದಸ್ಯರು ಪತ್ರ ಬರೆದಿದ್ದಾರೆ. ಹೋದ ವರ್ಷ ನಮ್ಮ ಹುಡುಗರು ಹಾಡಿದ ಕನ್ನಡ ರ‍್ಯಾಪ್ ಅವರಿಗೆ ಹಿಡಿಸಿಲ್ಲ. ಬರೆದವರೆಲ್ಲ ಸಂಘಕ್ಕಾಗಿ ದುಡಿದವರು, ಅವರ ಮೇಲೆ ನನಗೆ ಗೌರವವಿದೆ. ಆದರೆ ಈ ಸಲಹೆಯನ್ನು ನಾನು ಒಪ್ಪುವುದಿಲ್ಲ.

ನಮ್ಮ ದೇಶದ ರೇಡಿಯೋದಲ್ಲಿ ಹಿಂದೆ ಏನಾಯಿತು ನೋಡಿ. 1940ರ ಮಾರ್ಚ್ 1ರಿಂದ ಆಲ್ ಇಂಡಿಯಾ ರೇಡಿಯೋ ಹಾರ್ಮೋನಿಯಂ, ಅಂದರೆ ನಮ್ಮ ಪೇಟಿಯನ್ನು, ನಿಷೇಧಿಸಿತು. ಆಗ ಅದರ ಮುಖ್ಯಸ್ಥ ಲಿಯೊನೆಲ್ ಫೀಲ್ಡನ್. ಅದು ಪರದೇಶದ ವಾದ್ಯ, ಅದರಲ್ಲಿ ಗಮಕ, ಅಂದರೆ ಸ್ವರವನ್ನು ತೂಗಿಸಿ ಜಾರಿಸುವುದು, ಬರುವುದಿಲ್ಲ ಅನ್ನುವುದು ಆಕ್ಷೇಪ. ರವೀಂದ್ರನಾಥ ಟಾಗೋರರಿಗೂ ಆ ವಾದ್ಯ ಕಂಡರೆ ಆಗುತ್ತಿರಲಿಲ್ಲ. ಬ್ರಿಟಿಷರು ಹೋದರು, ನಿಷೇಧ ಮಾತ್ರ ಉಳಿಯಿತು.

ಆಕ್ಷೇಪದಲ್ಲಿ ಹುರುಳಿಲ್ಲ ಅಂತಲ್ಲ. ಪಿಟೀಲು, ಸಾರಂಗಿಯಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರಿಕೊಂಡು ಹೋಗಬಹುದು, ಪೇಟಿಯಲ್ಲಿ ಆಗುವುದಿಲ್ಲ. ವಿಮರ್ಶಕರು ಅದನ್ನು ಬರೆಯಲಿ, ಬೇಡವಾದ ಗಾಯಕರು ಪೇಟಿ ಇಲ್ಲದೇ ಹಾಡಲಿ. ಆದರೆ ಇಷ್ಟವಿಲ್ಲ ಅನ್ನುವುದು ಬೇರೆ, ಯಾರೂ ನುಡಿಸಕೂಡದು ಅನ್ನುವುದು ಬೇರೆ, ಅಲ್ವಾ?

ನಮ್ಮ ಉತ್ತರ ಕರ್ನಾಟಕದ ಕಂಪನಿ ನಾಟಕಗಳನ್ನು ನೆನೆಸಿಕೊಳ್ಳಿ. ರಂಗದ ಮುಂದೆ ಕೂತ ಪೇಟಿ ಮಾಸ್ತರರು ಕಾಲಲ್ಲಿ ತಿದಿ ತುಳಿಯುತ್ತಾ, ಒಬ್ಬ ನಟನಿಗೆ ಕರಿ ಎರಡು, ಇನ್ನೊಬ್ಬಳಿಗೆ ಕರಿ ಐದು ಅಂತ ಪೇಟಿಯ ಕರಿ ಮನೆ ಹಿಡಿದು ಶ್ರುತಿ ಬದಲಾಯಿಸುತ್ತಾ, ಸಾಲು ಮರೆತವನಿಗೆ ಎರಡು ಸ್ವರ ಎತ್ತಿಕೊಟ್ಟು ಬೆಳಗಿನ ಜಾವದವರೆಗೂ ಆಟ ನಡೆಸುತ್ತಿದ್ದರು. ಊರೂರಿನ ಭಜನೆಗೂ ಅದೇ ಪೇಟಿ. 1950ರಲ್ಲಿ ಧಾರವಾಡಕ್ಕೆ ರೇಡಿಯೋ ನಿಲಯ ಬಂತು. ಸುತ್ತಲಿನ ಊರುಗಳ ತುಂಬಾ ಪೇಟಿ, ನಿಲಯದೊಳಗೆ ಇಲ್ಲ. ಬೆಳಗಾವಿಯಲ್ಲಿ ರಾಮಭಾವೂ ಬಿಜಾಪುರೆ ಅವರಂಥ ಹಾರ್ಮೋನಿಯಂ ವಾದಕರಿದ್ದ ಕಾಲ ಅದು. ಕೊನೆಗೆ 1971ರಲ್ಲಿ ಪಕ್ಕವಾದ್ಯವಾಗಿ ಕೆಲವರಿಗಷ್ಟೇ ಒಪ್ಪಿಗೆ ಕೊಟ್ಟರು. ಸೋಲೋಗೆ ಆಮೇಲೂ ಬಹಳ ಕಾಲ ಜಾಗ ಸಿಗಲಿಲ್ಲ. ಒಬ್ಬ ಕಲಾವಿದನ ಬದುಕಿನಲ್ಲಿ ಮೂವತ್ತು ವರ್ಷ ಅಂದರೆ ಏನು ಉಳಿಯುತ್ತದೆ ಹೇಳಿ. ನನಗೆ ಇವತ್ತಿಗೂ ಸಂಕಟವಾಗುವುದು ಇದಕ್ಕೇ.

ಆಮೇಲೆ ಸಿನಿಮಾ ಹಾಡಿನ ಸರದಿ. 1952ರಲ್ಲಿ ಪ್ರಸಾರ ಸಚಿವರಾದ ಬಿ. ವಿ. ಕೇಸ್ಕರ್ ಅವರಿಗೆ ಶಾಸ್ತ್ರೀಯ ಸಂಗೀತದ ಮೇಲೆ ನಿಜವಾದ ಪ್ರೀತಿ ಇತ್ತು. ಜನರ ಅಭಿರುಚಿ ತಿದ್ದಬೇಕು ಅಂತ ಸಿನಿಮಾ ಹಾಡಿಗೆ ಕತ್ತರಿ ಹಾಕಿದರು. ಜನ ರೇಡಿಯೋದ ಮುಳ್ಳು ತಿರುಗಿಸಿ, ಸಿನಿಮಾ ಹಾಡು ಹಾಕುತ್ತಿದ್ದ ಶ್ರೀಲಂಕಾದ ರೇಡಿಯೋ ಸಿಲೋನ್ ಹಾಕಿಕೊಂಡರು. 1957ರಲ್ಲಿ ಸರ್ಕಾರವೇ ಸಿನಿಮಾ ಹಾಡು ಹಾಕುವ ವಿವಿಧ ಭಾರತಿ ಶುರು ಮಾಡಬೇಕಾಯಿತು.

ಇಲ್ಲಿಯವರೆಗೆ ಅಭಿರುಚಿಯ ಹೆಸರಿತ್ತು. 1976ರಲ್ಲಿ, ತುರ್ತು ಪರಿಸ್ಥಿತಿಯ ಹೊತ್ತಿನಲ್ಲಿ, ಸರ್ಕಾರದ ಪ್ರಚಾರಕ್ಕೆ ಸಹಕರಿಸಲಿಲ್ಲ ಅಂತ ಕಿಶೋರ್ ಕುಮಾರ್ ಹಾಡುಗಳನ್ನೇ ರೇಡಿಯೋದಿಂದ ತೆಗೆದುಹಾಕಿದರು. ಹಾಡಿನಲ್ಲಿ ತಪ್ಪೇನೂ ಇರಲಿಲ್ಲ. ಯಾವ ಹಾಡು ಬೇಕು, ಯಾವುದು ಬೇಡ ಅಂತ ಆರಿಸುವ ಕುರ್ಚಿ ಒಂದು ಸಲ ಹಾಕಿದ ಮೇಲೆ ಅದರಲ್ಲಿ ನಾಳೆ ಯಾರು ಕೂರುತ್ತಾರೆ, ಯಾರ ಮೇಲಿನ ಸಿಟ್ಟು ತೀರಿಸಿಕೊಳ್ಳುತ್ತಾರೆ ಅನ್ನುವುದು ನಮ್ಮ ಕೈಯಲ್ಲಿ ಇರುವುದಿಲ್ಲ. ನಮ್ಮದು ಸರ್ಕಾರವಲ್ಲ, ಸಣ್ಣ ಸಂಘ, ನಿಜ. ಆದರೆ ಈ ಊರಿನಲ್ಲಿ ಕನ್ನಡದಲ್ಲಿ ಹಾಡಲು ನಮ್ಮ ಮಕ್ಕಳಿಗೆ ಇರುವ ವೇದಿಕೆಯೂ ಇದೊಂದೇ. ಪರೀಕ್ಷೆ ಇಟ್ಟರೆ ಅವರು ಬೇರೆ ಹಾಡು ತರುವುದಿಲ್ಲ, ಬರುವುದನ್ನೇ ಬಿಡುತ್ತಾರೆ.

ಸಮಯ ಮೀರಬಾರದು, ಸೌಂಡ್ ಜಾಸ್ತಿ ಇಡಬಾರದು ಅನ್ನುವ ನಿಯಮ ಎಲ್ಲರಿಗೂ ಇರಲಿ. ಸಾಹಿತ್ಯ ಪರೀಕ್ಷೆ ಬೇಡ. ಈ ವಿಷಯ ವಾರ್ಷಿಕ ಸಭೆಗೆ ಬರಲಿದೆ, ದಯವಿಟ್ಟು ಬಂದು ಮಾತಾಡಿ. ರ‍್ಯಾಪ್ ಹಿಡಿಸದವರು ಬೇಕಾದಷ್ಟು ಖಾರವಾಗಿ ಬರೆದು ಕಳಿಸಿ, ಒಂದು ಸಾಲೂ ಕತ್ತರಿಸದೆ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ. ಹುಡುಗರ ಉತ್ತರವೂ ಅದೇ ಪುಟದಲ್ಲಿ ಬರುತ್ತದೆ.