ಕೀ ಕೊಡುವ ತೂತಿಲ್ಲದ ಗಡಿಯಾರ

ಬರ್ಲಿನ್, ಭಾನುವಾರ ರಾತ್ರಿ

ಅಪ್ಪಾ, ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಚಳಿ ಶುರುವಾಗಿದೆ, ಅಮ್ಮ ಕಳಿಸಿದ ಸ್ವೆಟರ್ ಹೊರಗೆ ತೆಗೆದಿದ್ದೇನೆ. ಇವತ್ತು ಬರೆಯುತ್ತಿರುವುದು ಒಂದು ಗಡಿಯಾರದ ವಿಷಯ. ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ದುಡಿದ ನಿಮಗಲ್ಲದೆ ಇನ್ಯಾರಿಗೆ ಹೇಳಲಿ?

ಇಲ್ಲಿ ಮೌವರ್‌ಪಾರ್ಕ್‌ನಲ್ಲಿ ಭಾನುವಾರ ಹಳೇ ಸಾಮಾನಿನ ಸಂತೆ ನಡೆಯುತ್ತದೆ, ಅಲ್ಲಿ ಸಿಕ್ಕಿತು. ದುಂಡಗಿನ ತಗಡಿನ ಡಬ್ಬಿ, ಬಿಳಿ ಡಯಲ್, ಹನ್ನೆರಡು ಕಪ್ಪು ಗೆರೆ, ನೇರವಾದ ಎರಡು ಮುಳ್ಳು. ಅಂಕಿಗಳೇ ಇಲ್ಲ. 1930ರ ಸುಮಾರಿನದು, ಯಾವುದೋ ಶಾಲೆಯಲ್ಲಿತ್ತು ಅಂದರು ಮಾರುವವರು. ನಮ್ಮ ಹಜಾರದ ಗಡಿಯಾರದ ಕೆತ್ತಿದ ಬಳ್ಳಿ, ರೋಮನ್ ಅಂಕಿ ಎಲ್ಲ ನೋಡುತ್ತಾ ಬೆಳೆದ ನನಗೆ ಇದು ಮೊದಲು ಬೋಳುಬೋಳಾಗಿ ಕಂಡಿತು. ಸುಮ್ನೆ ಹತ್ತು ಹೆಜ್ಜೆ ಹಿಂದೆ ಹೋಗಿ ನಿಂತೆ. ಅಷ್ಟು ದೂರದಿಂದಲೂ ಟೈಮ್ ಸ್ಪಷ್ಟವಾಗಿ ಕಾಣುತ್ತಿತ್ತು. ತಕ್ಷಣ ಕೊಂಡುಬಿಟ್ಟೆ.

ಈ ಬೋಳು ರೂಪದ ಹಿಂದೆ ಒಂದು ಕಥೆಯಿದೆ. 1907ರಲ್ಲಿ ಎಇಜಿ ಎಂಬ ಇಲ್ಲಿನ ವಿದ್ಯುತ್ ಸಾಮಾನಿನ ಕಂಪನಿಯವರು ಪೀಟರ್ ಬೆಹ್ರೆನ್ಸ್ ಎಂಬ ಕಲಾವಿದರನ್ನು ಕರೆದು, ಕಾರ್ಖಾನೆ ಕಟ್ಟಡದಿಂದ ಹಿಡಿದು ಫ್ಯಾನು, ಕೆಟಲು, ಗೋಡೆ ಗಡಿಯಾರದವರೆಗೆ ಎಲ್ಲಕ್ಕೂ ಹೊಸ ರೂಪ ಕೊಡಿಸಿದರು. ಬೆಹ್ರೆನ್ಸ್ ರೂಪಿಸಿದ 1909ರ ಟರ್ಬೈನ್ ಕಾರ್ಖಾನೆ ಕಟ್ಟಡ ಇಲ್ಲೇ ಬರ್ಲಿನ್ನಿನ ಮೊಯಾಬಿಟ್ ಬಡಾವಣೆಯಲ್ಲಿದೆ, ನೀವು ಬಂದಾಗ ತೋರಿಸುತ್ತೇನೆ. 1919ರಲ್ಲಿ ಬೌಹೌಸ್ ಎಂಬ ಹೆಸರಾಂತ ವಿನ್ಯಾಸ ಶಾಲೆ ತೆರೆದ ವಾಸ್ತುಶಿಲ್ಪಿ ಗ್ರೋಪಿಯಸ್ ಕೂಡ ಮೊದಲು ಬೆಹ್ರೆನ್ಸ್ ಅವರ ಆಫೀಸಿನಲ್ಲಿ ಕೆಲಸಕ್ಕಿದ್ದವರೇ. ನನ್ನ ಗಡಿಯಾರದ ಮೇಲೆ ಯಾರ ಹೆಸರೂ ಇಲ್ಲ, ಆದರೂ ಅದೇ ಮನೆತನದ್ದು ಅಂತ ನೋಡಿದರೆ ಗೊತ್ತಾಗುತ್ತದೆ.

ಮನೆಗೆ ತಂದು ಕೀ ಕೊಡುವ ತೂತು ಹುಡುಕಿದರೆ ಇಲ್ಲವೇ ಇಲ್ಲ! ಸ್ಪ್ರಿಂಗ್ ಇಲ್ಲ, ಲೋಲಕ ಇಲ್ಲ, ಹಿಂದೆ ಎರಡು ವೈರ್ ಅಷ್ಟೇ. ಆಮೇಲೆ ತಿಳಿಯಿತು, ಇದು ಮಗಳು ಗಡಿಯಾರ. ಜರ್ಮನ್ನರು ಹಾಗೇ ಕರೆಯುತ್ತಾರೆ. ಶಾಲೆಗೋ ಫ್ಯಾಕ್ಟರಿಗೋ ಒಂದು ತಾಯಿ ಗಡಿಯಾರ, ಅದು ನಿಮಿಷಕ್ಕೊಮ್ಮೆ ಕರೆಂಟಿನ ಒಂದು ಮಿಡಿತ ಕಳಿಸುತ್ತದೆ, ಒಂದು ಸಲ ಪ್ಲಸ್ ಮೈನಸ್ ಹೀಗಿದ್ದರೆ ಮುಂದಿನ ಸಲ ಅದಲು ಬದಲು, ಆಗ ಎಲ್ಲ ಕೋಣೆಗಳ ಗಡಿಯಾರದ ಮುಳ್ಳೂ ಒಟ್ಟಿಗೆ ಒಂದು ನಿಮಿಷ ಮುಂದಕ್ಕೆ ಜಿಗಿಯುತ್ತವೆ. ನಾನು ತಾಯಿಯ ಜಾಗದಲ್ಲಿ 24 ವೋಲ್ಟಿನ ಚಿಕ್ಕ ಸರ್ಕ್ಯೂಟ್ ಹಾಕಿದ್ದೇನೆ. ನಿಮಿಷಕ್ಕೊಂದು ಟಕ್. ನಡುವೆ ಸದ್ದೇ ಇಲ್ಲ.

ಒಂದೇ ತೊಂದರೆ ಅಪ್ಪಾ, ಆಗಾಗ ಒಂದು ಜಿಗಿತ ತಪ್ಪುತ್ತದೆ. ದಿನಕ್ಕೆ ಮೂರ್ನಾಲ್ಕು ನಿಮಿಷ ಹಿಂದೆ ಬೀಳುತ್ತದೆ. ಹಳೇ ಎಣ್ಣೆ ಗಟ್ಟಿಯಾಗಿರಬೇಕು, ಆದರೆ ನಾನೊಬ್ಬಳೇ ಬಿಚ್ಚೋಕೆ ಧೈರ್ಯ ಬರುತ್ತಿಲ್ಲ. ಮುಂದಿನ ಭಾನುವಾರ ನೀವು ಹಜಾರದ ಗಡಿಯಾರಕ್ಕೆ ಕೀ ಕೊಡುವ ಹೊತ್ತಿಗೆ ವಿಡಿಯೋ ಕಾಲ್ ಮಾಡುತ್ತೇನೆ. ಯಾವ ಎಣ್ಣೆ, ಎಲ್ಲಿ, ಎಷ್ಟು ಹನಿ ಅಂತ ನೋಡಿ ಹೇಳಿ. ಕನ್ನಡಕ ಹತ್ತಿರ ಇಟ್ಟುಕೊಂಡಿರಿ.

ಅಮ್ಮನಿಗೂ ನಮಸ್ಕಾರ ತಿಳಿಸಿ.

ನಿಮ್ಮ ಮಗಳು