ಮಗಳಿಗೊಂದು ಪತ್ರ: ಆ ಫ್ರೀಕಿಕ್ ವಿಷಯ

ಪುಟ್ಟಿ,

ನಿನ್ನ ರೂಮ್‌ಮೇಟ್ ಮತ್ತೆ ನಮ್ಮ ಬೆಂಗಳೂರು ಎಫ್‌ಸಿಯ (ಬಿಎಫ್‌ಸಿ) ಸುನಿಲ್ ಛೆಟ್ರಿ ಗೋಲ್ ಎತ್ತಿಕೊಂಡು ಜಗಳ ತೆಗೆದಳಂತೆ. ಕೊಚ್ಚಿಗೆ ಓದೋಕೆ ಹೋದ ಬೆಂಗಳೂರು ಹುಡುಗಿಗೆ ಇದು ತಪ್ಪಿದ್ದಲ್ಲ ಬಿಡು. ಮೆಸ್ ಊಟ ಹೇಗಿದೆ ಅಂತ ಕೇಳಿದರೆ "ಪರವಾಗಿಲ್ಲ" ಅಂತ ಒಂದೇ ಮಾತು, ಫುಟ್‌ಬಾಲ್ ಜಗಳಕ್ಕೆ ಮಾತ್ರ ಉದ್ದುದ್ದ ವಾಯ್ಸ್ ಮೆಸೇಜ್! ಆ ಒಂದು ಗೋಲ್ ಇಲ್ಲದಿದ್ದರೆ ಬಿಎಫ್‌ಸಿ ಆ ವರ್ಷ ಫೈನಲ್ ಮುಖವನ್ನೇ ನೋಡುತ್ತಿರಲಿಲ್ಲ, ಅವಳ ಕೇರಳ ಬ್ಲಾಸ್ಟರ್ಸ್ ಸೀಸನ್ ಹಾಳಾಗುತ್ತಿರಲಿಲ್ಲ, ಇದು ಅವಳ ವಾದ. ಒಂದೇ ಒಂದು ಕಿಕ್ ಇಡೀ ಸೀಸನ್ನನ್ನೇ ಬದಲಿಸುತ್ತಾ ಅಮ್ಮ ಅಂತ ನೀನು ಕೇಳಿದ್ದೀಯ. ಫೋನಲ್ಲಿ ಹೇಳಿದರೆ ನಡುವೆ ಬಾಯಿ ಹಾಕ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಆ ರಾತ್ರಿಯ ಕಥೆ. 2023ರ ಮಾರ್ಚ್ 3, ಕಂಠೀರವ ಸ್ಟೇಡಿಯಂ, ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ನಾಕೌಟ್, ಎದುರಿಗೆ ಬ್ಲಾಸ್ಟರ್ಸ್. ಸೋತವರು ಮನೆಗೆ. ತೊಂಬತ್ತು ನಿಮಿಷ ಆಡಿದರೂ 0-0. ಎಕ್ಸ್‌ಟ್ರಾ ಟೈಮ್ ಶುರುವಾಯಿತು, 96ನೇ ನಿಮಿಷಕ್ಕೆ ಬಾಕ್ಸ್ ಹೊರಗೆ ನಮಗೊಂದು ಫ್ರೀಕಿಕ್ ಸಿಕ್ಕಿತು. ನಾನು ಗ್ಯಾಲರಿಯಲ್ಲೇ ಇದ್ದೆ, ಆದರೆ ಅಲ್ಲಿ ಗ್ಯಾಲರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆಯಲ್ಲ, ಚಿಕ್ಕ ಚಿಕ್ಕ ವಿಷಯ ಕಣ್ಣಿಗೆ ಬೀಳುವುದಿಲ್ಲ. ಕಿಕ್ ತಡೆಯೋಕೆ ಬ್ಲಾಸ್ಟರ್ಸ್ ಆಟಗಾರರು ಸಾಲಾಗಿ ನಿಂತು ಗೋಡೆ ಕಟ್ಟುವುದನ್ನು ಎಲ್ಲರೂ ನೋಡುತ್ತಿದ್ದರು. ಅವರ ಕೀಪರ್ ಗಿಲ್ ಕೂಡ ಅದೇ ಕೆಲಸದಲ್ಲಿದ್ದ, ನೀನು ಇತ್ತ ಬಾ, ನೀನು ಅತ್ತ ಹೋಗು ಅಂತ ಕೂಗಿಕೊಂಡು. ಚೆಂಡಿನ ಎದುರಿಗೆ ಅವರ ಆಟಗಾರ ಲೂನಾ ನಿಂತಿದ್ದ. ತಾನು ಮೊದಲೊಂದು ಸಲ ಬೇಗ ಹೊಡೆಯಲು ನೋಡಿದಾಗ ಲೂನಾ ಅಡ್ಡ ನಿಂತ ಅಂತ ಛೆಟ್ರಿ ಆಮೇಲೆ ಹೇಳಿದ್ದ. ಅಂದರೆ ಲೂನಾಗೆ ಅನುಮಾನ ಇದ್ದೇ ಇತ್ತು. ಆದರೆ ಒಂದು ಕ್ಷಣ ತಿರುಗಿದ, ಅಷ್ಟೇ. ಛೆಟ್ರಿ ಚೆಂಡನ್ನು ಮೆಲ್ಲಗೆ ಎತ್ತಿ ಖಾಲಿ ಗೋಲಿಗೆ ಹಾಕಿಬಿಟ್ಟ.

ಮೊದಲು ನಮಗೂ ಅರ್ಥ ಆಗಲಿಲ್ಲ. ಗೋಲಾ? ಪ್ರಾಕ್ಟೀಸಾ? ರೆಫ್ರಿ ಗೋಲ್ ಅಂದ. ಆಮೇಲೆ ನಮ್ಮ ಅಭಿಮಾನಿಗಳು ಕೂರುವ ವೆಸ್ಟ್ ಬ್ಲಾಕ್‌ನ ಗಲಾಟೆ ಕೇಳಬೇಕಿತ್ತು ನೀನು.

ಇದು ಮೋಸವಾ? ಅಲ್ಲ. ಗೋಡೆ ಹತ್ತು ಗಜ ದೂರ ನಿಲ್ಲಬೇಕು ಅನ್ನುವುದು ಫ್ರೀಕಿಕ್ ಸಿಕ್ಕ ತಂಡಕ್ಕೆ ಇರುವ ಹಕ್ಕು. ಅದು ಬೇಡ ಅಂದರೆ ತಕ್ಷಣ ಹೊಡೆಯಬಹುದು, ಸೀಟಿಗೆ ಕಾಯಬೇಕಿಲ್ಲ. ಕಾಯಿ ಅಂತ ರೆಫ್ರಿಯೇ ಹೇಳಿದ್ದರೆ ಮಾತ್ರ ಕಾಯಬೇಕು. ರೆಫ್ರಿ ಹಾಗೆ ಹೇಳಿದ್ದನೋ ಇಲ್ಲವೋ ಅನ್ನುವುದರ ಮೇಲೆ ನಿನ್ನ ರೂಮ್‌ಮೇಟ್ ಇನ್ನೂ ಹತ್ತು ವರ್ಷ ವಾದ ಮಾಡಬಹುದು, ಮಾಡಲಿ. ಫೆಡರೇಷನ್ ಬ್ಲಾಸ್ಟರ್ಸ್ ದೂರನ್ನು ತಳ್ಳಿಹಾಕಿತು. ನೋಡೋಕೆ ಚೆಂದವಾಗಿತ್ತಾ ಅಂತ ಕೇಳಿದರೆ, ಇಲ್ಲ, ಅಷ್ಟು ಚೆಂದ ಇರಲಿಲ್ಲ. ಛೆಟ್ರಿ ಅದಕ್ಕಿಂತ ಒಳ್ಳೆ ಗೋಲ್ ಎಷ್ಟೋ ಹೊಡೆದಿದ್ದಾನೆ. ಇದನ್ನು ಅವಳಿಗೆ ಹೇಳಬೇಡ.

ಈಗ ಸೀಸನ್ ವಿಷಯಕ್ಕೆ ಬರ್ತೀನಿ.

ನಮ್ಮ ಸೀಸನ್ ಮಾರ್ಚ್ 3ಕ್ಕೆ ಬದಲಾಗಿದ್ದು ಅಂತ ಅನ್ನುವವರು ಅದರ ಹಿಂದಿನ ಡಿಸೆಂಬರ್ ಮರೆತಿದ್ದಾರೆ. ಆ ಸೀಸನ್ನಿನ ಶುರುವಿಗೆ ಡ್ಯುರಾಂಡ್ ಕಪ್ ಅನ್ನುವ ಬೇರೆ ಟೂರ್ನಿ ಗೆದ್ದು ಬಂದ ತಂಡ ಲೀಗಿನ ಮೊದಲ 12 ಪಂದ್ಯಗಳಲ್ಲಿ ಎಂಟು ಸೋತು ಬರೀ 10 ಪಾಯಿಂಟ್ ಮಾಡಿತ್ತು. ಡಿಸೆಂಬರ್ 30ಕ್ಕೆ ಕೋಲ್ಕತ್ತಾದಲ್ಲಿ ಈಸ್ಟ್ ಬೆಂಗಾಲ್ ಎದುರು 1-1 ಇದ್ದಾಗ, ಇನ್ನೇನು ಸೀಟಿ ಊದಬೇಕು ಅನ್ನುವ ಹೊತ್ತಿಗೆ, ನಮ್ಮಲ್ಲೇ ಆಡಿ ಹೋದ ಕ್ಲೇಟನ್ ಸಿಲ್ವ ಫ್ರೀಕಿಕ್‌ನಲ್ಲಿ ಗೋಲ್ ಹೊಡೆದ. ಒಂದು ಕಿಕ್ ಒಂದು ಸೀಸನ್ನನ್ನು ಮುಗಿಸುತ್ತೆ ಅನ್ನುವುದಾದರೆ ನಮ್ಮದು ಅಲ್ಲಿಗೇ ಮುಗಿಯಬೇಕಿತ್ತು. ನಮ್ಮ ಕೋಚ್ ಸೈಮನ್ ಗ್ರೇಸನ್‌ನನ್ನು ಮನೆಗೆ ಕಳಿಸಿ ಅಂತ ನಿಮ್ಮಪ್ಪ ಟಿವಿ ಮುಂದೆ ಕೂತು ತೀರ್ಪು ಕೊಟ್ಟಾಗಿತ್ತು.

ಒಂದು ವಾರ ಕಳೆಯಿತು. ಜನವರಿ 6, ನಾರ್ತ್ ಈಸ್ಟ್ ಎದುರು ಪಂದ್ಯ. ಟೇಬಲ್‌ನ ಕೊನೇ ತಂಡ ಅದು. ಅವರ ಮೇಲೂ 1-1. ಇಂಜುರಿ ಟೈಮಿನಲ್ಲಿ ನಮ್ಮ ಅಲನ್ ಕೋಸ್ಟ, ಪಾಪ ಡಿಫೆಂಡರ್ ಅವನು, ಹೇಗೋ ಒಂದು ಗೋಲ್ ತಳ್ಳಿದ. 2-1. ಅಲ್ಲಿಂದ ಹಿಂದೆ ನೋಡಲೇ ಇಲ್ಲ. ಒಡಿಶಾ, ಜಮ್‌ಷೆಡ್‌ಪುರ, ಚೆನ್ನೈಯಿನ್, ಎಟಿಕೆ ಮೋಹನ್ ಬಗಾನ್, ಕೇರಳ, ಅಲ್ಲಿವರೆಗೆ ಆ ಲೀಗಿನಲ್ಲಿ ಯಾರಿಗೂ ಸೋಲದ ಮುಂಬೈ, ಆಮೇಲೆ ಗೋವಾ. ಸಾಲಾಗಿ ಎಂಟು ಗೆಲುವು.

ಹಾಗಾದರೆ ಸೀಸನ್ ಬದಲಿಸಿದ್ದು ಕೋಸ್ಟನ ಗೋಲಾ? ನನಗೂ ಹಾಗೇ ಅನ್ನಿಸುತ್ತಿತ್ತು, ಪೆನ್ನು ಹಿಡಿದು ಲೆಕ್ಕ ಹಾಕುವವರೆಗೆ. ನಾವು ಮುಗಿಸಿದ್ದು 34 ಪಾಯಿಂಟ್‌ಗೆ, ನಾಲ್ಕನೇ ಜಾಗ. ಕೇರಳ 31, ಐದನೇದು. ಕೋಸ್ಟ ಆ ಗೋಲ್ ಹೊಡೆಯದೆ ಪಂದ್ಯ ಡ್ರಾ ಆಗಿದ್ದರೆ ನಮ್ಮದು 32. ಆಗಲೂ ನಾಲ್ಕನೇ ಜಾಗವೇ, ನಾಕೌಟ್ ಕಂಠೀರವದಲ್ಲೇ, ಎದುರಿಗೆ ಅದೇ ಕೇರಳ! ಪಾಯಿಂಟ್ ಲೆಕ್ಕದಲ್ಲಿ ಆ ಗೋಲಿನಿಂದ ಏನೂ ಬದಲಾಗಲಿಲ್ಲ. ಹುಡುಗರಿಗೆ ಧೈರ್ಯ ಬಂದಿದ್ದೇ ಅದರಿಂದ ಅಂತ ನೀನು ಹೇಳಬಹುದು. ಇರಬಹುದು. ಆದರೆ ಧೈರ್ಯ ಡಿಸೆಂಬರ್ 30ಕ್ಕೇ ಸತ್ತಿರಬೇಕಿತ್ತಲ್ಲ, ಯಾಕೆ ಸಾಯಲಿಲ್ಲ? ಶಿವಶಕ್ತಿಯಂಥ ಎಳೆ ಹುಡುಗ ಮುಂದೆ ನಿಂತು ಗೋಲ್ ಹೊಡೆಯತೊಡಗಿದ್ದ, ರಾಯ್ ಕೃಷ್ಣನಿಗೆ ಆಟ ಕುದುರಿತ್ತು, ಹಿಂದೆ ಜಿಂಗನ್ ಗಟ್ಟಿಯಾಗಿ ನಿಂತಿದ್ದ. ಅದೆಲ್ಲ ಒಂದು ಕಿಕ್ಕಿನಲ್ಲಿ ಆಗುವ ಕೆಲಸ ಅಲ್ಲ.

ಕೇರಳದ ಕಥೆ ಬೇರೆ. ನನಗೆ ಜಾಸ್ತಿ ಕಾಡುವುದೂ ಅದೇ.

96ನೇ ನಿಮಿಷಕ್ಕೆ ಗೋಲ್ ಬಿತ್ತು ಅಂದೆನಲ್ಲ, ಎಕ್ಸ್‌ಟ್ರಾ ಟೈಮ್ 120ರವರೆಗೆ ಇರುತ್ತೆ. ಅಂದರೆ ಅವರ ಕೈಯಲ್ಲಿ ಇನ್ನೂ 24 ನಿಮಿಷ ಇತ್ತು. ಒಂದು ಗೋಲ್ ಹೊಡೆದಿದ್ದರೆ ಪೆನಾಲ್ಟಿ ಶೂಟೌಟ್. ಲೂನಾ ಇದ್ದ, ದಿಯಾಮಂಟಕೋಸ್ ಆ ಸೀಸನ್ನಿನಲ್ಲಿ ಗೋಲ್ ಮೇಲೆ ಗೋಲ್ ಹೊಡೆದಿದ್ದ. ಇಷ್ಟೆಲ್ಲ ಇಟ್ಟುಕೊಂಡು ಕೋಚ್ ವುಕೊಮನೊವಿಚ್ ಲೈನ್ ಪಕ್ಕ ನಿಂತು ಹುಡುಗರನ್ನು ಬನ್ನಿ ಅಂತ ಕರೆದ, ಅವರು ಒಬ್ಬೊಬ್ಬರಾಗಿ ಡ್ರೆಸ್ಸಿಂಗ್ ರೂಮಿಗೆ ನಡೆದರು. ನಮ್ಮವರು ಮೈದಾನದಲ್ಲಿ ಸುಮ್ನೆ ನಿಂತಿದ್ದರು. ನಾವು ಮೊದಲು ಗೇಲಿ ಮಾಡಿದೆವು, ಹೋಗ್ತೀರಾ ಹೋಗಿ ಅಂತ. ಆಮೇಲೆ ಯಾರಿಗೂ ಏನು ಮಾಡಬೇಕು ಅಂತ ತೋಚಲಿಲ್ಲ. ಪಂದ್ಯ ನಮ್ಮದು ಅಂತ ಘೋಷಣೆ ಆದಾಗಲೂ ಖುಷಿ ಅರ್ಧಕ್ಕರ್ಧ, ಊಟದ ನಡುವೆ ಎಲೆ ಎತ್ತಿದ ಹಾಗೆ.

ಫೆಡರೇಷನ್ ಕ್ಲಬ್ಬಿಗೆ 4 ಕೋಟಿ ದಂಡ ಹಾಕಿತು, ಕೋಚ್‌ಗೆ 10 ಪಂದ್ಯ ನಿಷೇಧ, ಮೇಲೆ 5 ಲಕ್ಷ. ಆ ನಿಷೇಧ ಮುಂದಿನ ಸೀಸನ್ನಿಗೂ ಹರಿಯಿತು, ಶುರುವಿನ ಪಂದ್ಯಗಳಲ್ಲಿ ಅವನು ಬೆಂಚಿನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಇದೆಲ್ಲ ಛೆಟ್ರಿ ಕಿಕ್ಕಿನ ಬೆಲೆ ಅಂತ ನಿನ್ನ ರೂಮ್‌ಮೇಟ್ ಹೇಳ್ತಾಳೆ. ನಾನು ಒಪ್ಪಲ್ಲ. ಕಿಕ್ಕಿನ ಬೆಲೆ ಒಂದು ಗೋಲ್, ಅಷ್ಟೇ. ಉಳಿದಿದ್ದೆಲ್ಲ ಆ 24 ನಿಮಿಷ ಬಿಟ್ಟು ನಡೆದಿದ್ದಕ್ಕೆ. ಅವರ ಸೀಸನ್ ಒಂದೇ ಕ್ಷಣದಲ್ಲಿ ಮುರಿಯಿತು ಅನ್ನುವುದು ನಿಜವೇ, ಆದರೆ ಆ ಕ್ಷಣ ನಮ್ಮ ಕಾಲಿಂದ ಬಂದಿದ್ದಲ್ಲ.

ಅವಳು ಇನ್ನೂ ಬಗ್ಗದಿದ್ದರೆ ಫೈನಲ್ ಕಥೆ ಹೇಳು. ಸೆಮಿಫೈನಲ್‌ನಲ್ಲಿ ಮುಂಬೈಯನ್ನು 9-8ರ ಶೂಟೌಟ್‌ನಲ್ಲಿ ಸೋಲಿಸಿ (ಆ ರಾತ್ರಿ ನನ್ನ ಬಿಪಿ ಎಷ್ಟಿತ್ತೋ ದೇವರಿಗೇ ಗೊತ್ತು) ಮಾರ್ಚ್ 18ಕ್ಕೆ ಗೋವಾದ ಫತೋರ್ಡದಲ್ಲಿ ಎಟಿಕೆ ಮೋಹನ್ ಬಗಾನ್ ಎದುರು ನಿಂತೆವು. 78ನೇ ನಿಮಿಷಕ್ಕೆ ರಾಯ್ ಕೃಷ್ಣ ಹೆಡ್ ಮಾಡಿದ, 2-1. ಕಪ್ ಕಣ್ಣೆದುರೇ ಇತ್ತು. 85ಕ್ಕೆ ರೆಫ್ರಿ ಅವರಿಗೆ ಪೆನಾಲ್ಟಿ ಕೊಟ್ಟ. ನಮ್ಮ ಪಾಬ್ಲೊ ಪೆರೆಸ್ ಫೌಲ್ ಮಾಡಿದ್ದು ಬಾಕ್ಸ್ ಹೊರಗೆ ಅಂತ ನಮ್ಮವರೆಲ್ಲ ಇವತ್ತಿಗೂ ಹೇಳ್ತಾರೆ, ನಾನೂ ಹೇಳ್ತೀನಿ. ನಮ್ಮ ಓನರ್ ಆಮೇಲೆ ಟ್ವಿಟರ್‌ನಲ್ಲಿ ಕೂಗಾಡಿ ವಿಎಆರ್ (ವಿಡಿಯೋ ನೋಡಿ ತೀರ್ಪು ಸರಿಪಡಿಸುವ ವ್ಯವಸ್ಥೆ) ತನ್ನಿ ಅಂದರು. ಆದರೆ ಮೈದಾನದಲ್ಲಿ ಹುಡುಗರು ರೆಫ್ರಿಯನ್ನು ಸುತ್ತಿಕೊಂಡು ಗಲಾಟೆ ಮಾಡಿ, ಬೈದುಕೊಂಡೇ ವಾಪಸ್ ಜಾಗಕ್ಕೆ ಹೋಗಿ ನಿಂತರು. ಪೆಟ್ರಾಟೋಸ್ ಹೊಡೆದ, 2-2. ಎಕ್ಸ್‌ಟ್ರಾ ಟೈಮ್ ಪೂರ್ತಿ ಆಡಿದರು. ಶೂಟೌಟ್‌ನಲ್ಲಿ ನಮ್ಮ ಬ್ರೂನೊ ಹೊಡೆದಿದ್ದನ್ನು ಅವರ ಕೀಪರ್ ವಿಶಾಲ್ ಕೈತ್ ತಡೆದ, ಪೆರೆಸ್ ಹೊಡೆದಿದ್ದು ಬಾರ್ ಮೇಲೆ ಹೋಯಿತು. 4-3, ಕಪ್ ಅವರಿಗೆ.

ಹದಿನೈದು ದಿನದ ಅಂತರದಲ್ಲಿ ಎರಡು ಪಂದ್ಯ, ಎರಡರಲ್ಲೂ ರೆಫ್ರಿ ಮೇಲೆ ಸಿಟ್ಟು. ಇದಕ್ಕೆ ಅವಳು ಏನಂದಳು ಅಂತ ಬರಿ. ಮುಂದಿನ ಸಲ ಕೊಚ್ಚಿಯಲ್ಲಿ ನಮ್ಮ ಮ್ಯಾಚ್ ಇದ್ದಾಗ ಟಿಕೆಟ್ ತೆಗೆದಿಡು, ನಾನೂ ಬರ್ತೀನಿ. ಅವಳಿಗೂ ಒಂದು ತೆಗಿ, ದುಡ್ಡು ನಾನು ಕಳಿಸ್ತೀನಿ. ನೀಲಿ ಜೆರ್ಸಿ ಹಾಕಿಕೊಂಡು ಹೋದರೆ ಏನಾದರೂ ಅಂತಾರಾ ಅಂತ ಅವಳನ್ನೇ ಕೇಳಿಡು.

ಅಮ್ಮ